ಸೇವಂತಿಗೆಯಂಥ ಗಾಲಿಗಳು

ನಮ್ಮ ಕಡೆಯ ಗಂಡಸರಿಗೆ ಒಂದು ಕಾಯಿಲೆ ಇದೆ. ನಿಂತ ಕಾರಿನ ಟಯರು ಕಂಡರೆ ಒದೆಯುತ್ತಾರೆ. ಸಿಟ್ಟಿನಿಂದಲ್ಲ, ಜ್ಞಾನದಿಂದ. ಚಪ್ಪಲಿಯ ತುದಿಯಿಂದ ಮೆಲ್ಲಗೆ ಒದ್ದು, ತಲೆ ಓರೆ ಮಾಡಿ, ಒಳಗಿನಿಂದ ಯಾರೋ ಉತ್ತರ ಕೊಡುತ್ತಾರೆ ಅನ್ನುವ ಹಾಗೆ ಕಾಯುತ್ತಾರೆ. ಆಮೇಲೆ ಗಂಭೀರವಾಗಿ "ಹೂಂ" ಅನ್ನುತ್ತಾರೆ. ಟಯರು ಏನು ಹೇಳಿತು ಎಂದು ಕೇಳಿ ನೋಡಿ, ಒಬ್ಬರೂ ಬಾಯಿ ಬಿಡುವುದಿಲ್ಲ. ನಾನೂ ಒದೆಯುತ್ತೇನೆ. ನನಗಂತೂ ಅದು ಈವರೆಗೆ ಏನೂ ಹೇಳಿಲ್ಲ.

ಮೊನ್ನೆ ಎದುರು ಮನೆಯ ರೆಡ್ಡಿಗಾರು ವಾಕಿಂಗ್ ಮುಗಿಸಿ ಬರುವಾಗ ನಮ್ಮ ಗೇಟಿನ ಹತ್ತಿರ ನಿಂತರು. ಕಾರಿನ ಹೊಸ ಗಾಲಿ ನೋಡಿದರು, ಪದ್ಧತಿಯಂತೆ ಒದ್ದರು, "ಬಾಗುನ್ನಾಯಿ. ಮೀ ನಾನ್ನಗಾರಿ ಸೆಲೆಕ್ಷನಾ?" ಅಂದರು. ಚೆನ್ನಾಗಿವೆ, ನಿಮ್ಮ ತಂದೆಯವರ ಆಯ್ಕೆಯಾ ಅಂತ. ನಮ್ಮ ಅಮ್ಮನ ಆಯ್ಕೆ ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಗ್ರಹಚಾರ ಇದು. ನಾನು ಖರೆ ಹೇಳಿದರೂ ಜನ ಯಾರದೋ ಅಣಕ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಮೈಯೆಲ್ಲ ಉರಿಯಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ರೆಡ್ಡಿಗಾರಿಗೆ ಕನ್ನಡ ಓದಲು ಬರುವುದಿಲ್ಲ. ನನ್ನ ಶೌರ್ಯ ಸಾಮಾನ್ಯವಾಗಿ ಇಂಥ ಕಡೆಯಲ್ಲೇ ಉಕ್ಕುವುದು.

ನನ್ನ ಕಸುಬು ಮೊದಲೇ ಹೇಳಿಬಿಡುತ್ತೇನೆ. ಹೈದರಾಬಾದಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ದೊಡ್ಡ ದನಿಗಳೆಲ್ಲ ದೊಡ್ಡವರಿಗೆ ಹೋಗುತ್ತವೆ. ಸೊಳ್ಳೆಬತ್ತಿಯ ಜಾಹೀರಾತಿನಲ್ಲಿ ಕೆಮ್ಮಿ ಕೆಮ್ಮಿ ಸಾಯುವ ಸೊಳ್ಳೆ ನಾನು. ಸಿಮೆಂಟಿನ ಜಾಹೀರಾತಿನಲ್ಲಿ ಬೀಳುವ ಗೋಡೆಯೂ ನಾನೇ. ಮನೆಯಲ್ಲಿ ಮಾತ್ರ ನನಗೆ ಮುಖ್ಯ ಪಾತ್ರಗಳು. ಹಾಲಿನವನು, ಕಾಲನಿಯ ಕಾರ್ಯದರ್ಶಿ, ಫೋನಿನಲ್ಲಿ ಸಾಲ ಬೇಕಾ ಎಂದು ಕೇಳುವ ಹುಡುಗಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಇವರೆಲ್ಲರಿಗಿಂತ ಚೆನ್ನಾಗಿ ಬರುವುದು ಅಪ್ಪನ ದನಿ. ಬಾರದೇ ಇರುವುದು ಅವ್ವನದೊಂದೇ. ಅವಳು ಅಷ್ಟು ಕಡಿಮೆ ಮಾತಾಡುತ್ತಾಳೆ, ಕದಿಯಲು ಹಿಡಿತವೇ ಸಿಗುವುದಿಲ್ಲ.

ಅಪ್ಪ ಇಲ್ಲೇ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ಯಾರೋ ಮಾಡಿದ ವಸ್ತು ಮುಂದೆ ಬಂದರೆ ಅದರಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ನಿವೃತ್ತರಾದರು, ಕೆಲಸ ಬಿಡಲಿಲ್ಲ. ಈಗ ಇಡ್ಲಿ ತಪಾಸಣೆಯಾಗುತ್ತದೆ, ನನ್ನ ಗಡ್ಡ ತಪಾಸಣೆಯಾಗುತ್ತದೆ. ತೀರ್ಪು ಯಾವಾಗಲೂ ಒಂದೇ: "ಇದು ನಡ್ಯಂಗಿಲ್ಲ." ಮೂಗಿನಿಂದ ಶುರುವಾಗಿ ಗಂಟಲಲ್ಲಿ ಮುಗಿಯುವ ಈ ವಾಕ್ಯವನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತೇನೆಂದರೆ, ಒಮ್ಮೆ ಬಚ್ಚಲಿನೊಳಗಿನಿಂದ ಹೇಳಿದಾಗ ಅವ್ವ ಸಾರಿಗೆ ಮತ್ತೊಂದಿಷ್ಟು ಉಪ್ಪು ಹಾಕಿಬಿಟ್ಟಿದ್ದಳು.

ಇಂಥ ಅಪ್ಪ ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ಬೆಳ್ಳಿ ಬಣ್ಣದ ಸಣ್ಣ ಕಾರು ಕೊಂಡರು. ಕೊಂಡವರು ಅದಕ್ಕೊಂದು ಬೂದು ಬಣ್ಣದ ಹೊದಿಕೆ ಹೊಲಿಸಿದರು. ಆಮೇಲೆ ನಾವು ಹೆಚ್ಚಾಗಿ ನೋಡಿದ್ದು ಹೊದಿಕೆಯನ್ನೇ.

ಅವ್ವನಿಗೆ ಡ್ರೈವಿಂಗ್ ಕಲಿಯುವ ಆಸೆ ಹೇಗೆ ಹುಟ್ಟಿತೋ ಗೊತ್ತಿಲ್ಲ. ಹುಮನಾಬಾದಿನಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲನ್ನು ಕತ್ತರಿಗಾಲು ಹಾಕಿ ಹೊಡೆಯುತ್ತಿದ್ದಳಂತೆ. ಸೀಟಿನ ಮೇಲೆ ಕೂರುವಷ್ಟು ಎತ್ತರ ಬರುವ ಹೊತ್ತಿಗೆ ಸೈಕಲ್ಲು ಸಾಕು ಅಂದರಂತೆ. ಇಷ್ಟನ್ನು ಮೌಶಿ, ಅಂದರೆ ಅವ್ವನ ತಂಗಿ, ಒಮ್ಮೆ ಹೇಳಿದ್ದಳು. ಅವ್ವ ಹೇಳಿಲ್ಲ. ಅವಳು ಸೀದಾ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು, ಪರೀಕ್ಷೆ ಪಾಸಾದಳು. ಲೈಸೆನ್ಸ್ ಬಂದ ದಿನ ಅಪ್ಪ ಖುಷಿಯಿಂದ ಕಾಲನಿಗೆಲ್ಲ ಪೇಡಾ ಹಂಚಿದರು. ಚಾವಿ ಮಾತ್ರ ಹಂಚಲಿಲ್ಲ.

ಅಪ್ಪ ಬೇಡ ಅನ್ನುವವರಲ್ಲ. ಬೇಡ ಅನ್ನುವವರನ್ನು ಎದುರಿಸಬಹುದು. ಅವರು ಟಯರನ್ನು ಮುಂದೆ ಮಾಡುತ್ತಿದ್ದರು. ಅವ್ವ ಚಾವಿ ಕೇಳಿದಾಗಲೆಲ್ಲ, "ಟಯರ್ ಹೋಗ್ಯಾವ ಮಾರಾಯ್ತಿ, ಖರೇನ ಹೋಗ್ಯಾವ. ಹೊಡದ್ರ ಜೀವಕ್ಕ ಅಪಾಯ." ಅದೇ ಸಂಜೆ ಯಾರಾದರೂ ಗೆಳೆಯರು ಬಂದು ಸುಮ್ಮನೆ ನಿಂತ ಕಾರನ್ನು ಮಾರಿಬಿಡಬಾರದೇನು ಎಂದರೆ, ಹೊದಿಕೆಯ ತುದಿ ಎತ್ತಿ ತೋರಿಸಿ, "ಟಯರ್ ನೋಡ್ರಿ ಹ್ಯಾಂಗವ. ನಿನ್ನೆ ಅಂಗಡಿಯಿಂದ ತಂದಂಗ." ಒಂದೇ ಟಯರು. ಬೆಳಿಗ್ಗೆ ಸಾಯುತ್ತಿತ್ತು, ಸಂಜೆ ಹುಟ್ಟುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಮೌಶಿ ಹುಮನಾಬಾದಿನಲ್ಲಿ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಳು. ಅವ್ವ ಫೋನಿನಲ್ಲಿ ಹೇಳಿಬಿಟ್ಟಳು: "ಐತವಾರ ಬರ್ತೀನಿ. ನಾನೇ ಕಾರ್ ಹೊಡಕೊಂಡು ಬರ್ತೀನಿ."

ಮೌಶಿಗೆ ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಫೋನು ಕೆಳಗಿಡುವುದರೊಳಗೆ ಓಣಿಗೆ ಗೊತ್ತಿರುತ್ತದೆ. ಮರುದಿನ ಮೌಶಿಯ ಮಗಳು ಫೋನು ಮಾಡಿ, "ದೊಡ್ಡವ್ವ ಖರೇ ಬರ್ತಾಳೇನು? ಇಲ್ಲಿ ಎಲ್ಲಾರೂ ನೋಡ್ಲಿಕ್ಕೆ ನಿಂದರ್ತಾರಂತ," ಅಂದಳು. ಅವ್ವ ಅಂದು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಬೆಳಿಗ್ಗೆ ತಿಂಡಿಗೆ ಕೂತ ಅಪ್ಪನ ಮುಂದೆ ಕೈ ಚಾಚಿದಳು.

"ಚಾವಿ ಕೊಡ್ರಿ. ಟಯರ್ ಹಾಕಿಸ್ಕೊಂಡು ಬರ್ತೀನಿ."

"ಯಾಕ?"

"ಹೋಗ್ಯಾವಲ್ಲ. ನೀವೇ ಅಂತೀರಿ."

ಅಪ್ಪನ ಬಾಯಲ್ಲಿ ಇಡ್ಲಿಯಿತ್ತು. ಅದನ್ನು ಎಷ್ಟು ಹೊತ್ತು ಅಗಿಯಬಹುದೋ ಅಷ್ಟು ಹೊತ್ತು ಅಗಿದರು. ಟಯರು ಚೆನ್ನಾಗಿವೆ ಅಂದರೆ ಅವ್ವ ಇವತ್ತೇ ಹೊರಡುತ್ತಾಳೆ. ಹೋಗಿವೆ ಅಂದರೆ ಹೊಸವು ಬರುತ್ತವೆ. ಕೊನೆಗೆ ಎದ್ದು ಹೋಗಿ ಚಾವಿ ತಂದರು. ತಂದು ನನ್ನ ಕೈಗೆ ಕೊಟ್ಟರು. ಕೇಳಿದವಳು ಅವ್ವ, ಕೊಟ್ಟದ್ದು ನನಗೆ. "ನಂಗ ನಾಂಪಲ್ಲಿಯೊಳಗ ಪೆನ್ಷನ್ ಕೆಲಸ ಅದ. ನೀ ನೋಡಿ ಹಾಕಿಸು. ಅದೇ ಅಳತಿ. ರಿಮ್ ಬದಲಿ ಮಾಡೋದಾದ್ರ ಸ್ಟೀಲೇ. ಫ್ಯಾಶನ್ ಗೀಶನ್ ನಡ್ಯಂಗಿಲ್ಲ."

ಈಗ ನನ್ನ ವಿಷಯ. ನಾನು ಅಲಾಯ್ ವೀಲ್, ಅಂದರೆ ಸ್ಟೀಲಿನ ಬದಲಿಗೆ ಬರುವ ಅಲಂಕಾರದ ಗಾಲಿ, ಎಂದರೆ ಪ್ರಾಣ ಬಿಡುವವನು. ನನ್ನ ಫೋನಿನಲ್ಲಿ ಹುಡುಗಿಯರ ಫೋಟೋ ಇರಬೇಕಾದ ಜಾಗದಲ್ಲೆಲ್ಲ ಗಾಲಿಗಳಿದ್ದವು. ಕಪ್ಪು ಗಾಲಿ, ಕೆಂಪು ಅಂಚಿನ ಗಾಲಿ, ಅಗಲ ಟಯರಿನ ಗಾಲಿ. ನನ್ನ ದುಡ್ಡು, ನನ್ನ ಗಾಲಿ, ಯಾರು ಕೇಳುತ್ತಾರೆ ನೋಡೋಣ ಎಂದು ಗೆಳೆಯರ ಮುಂದೆ ಎದೆ ತಟ್ಟಿದ್ದೆ. ಅಪ್ಪ ಸ್ಟೀಲೇ ಅಂದಾಗ ಅದೇ ಎದೆಯೊಳಗಿನಿಂದ ಬಂದ ಉತ್ತರ: "ಹೂಂ ಅಪ್ಪಾ."

ಗಾಳಿ ತುಂಬಿಸಿ, ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕಾರನ್ನು ಮೆಲ್ಲಗೆ ಟಯರಿನ ಅಂಗಡಿಗೆ ಒಯ್ದೆ. ಅಂಗಡಿ ನಯೀಮ್ ಭಾಯಿಯದು. ಆಳು ಸಣ್ಣ, ದನಿ ಲಾರಿಯಷ್ಟು. ಒಳಗೆ ಕಾಲಿಟ್ಟರೆ ಹೊಸ ರಬ್ಬರಿನ ವಾಸನೆ. ಶಾಲೆಯ ಮೊದಲ ದಿನದ ಬೂಟು, ರಬ್ಬರು, ರೇನ್‌ಕೋಟು ಎಲ್ಲ ಒಟ್ಟಿಗೆ ಮೂಗಿಗೆ ಬಂದ ಹಾಗೆ.

ಟಯರು ಅಂದ ಕೂಡಲೇ ಬರೆಯುವವರೆಲ್ಲ ಬಾಲ್ಯದಲ್ಲಿ ಕೋಲು ಹಿಡಿದು ಟಯರು ಓಡಿಸಿದ್ದನ್ನು ಬರೆಯುತ್ತಾರೆ. ನಾನು ಓಡಿಸಿಲ್ಲ. ಟಯರೇ ನನ್ನನ್ನು ಓಡಿಸಿದೆ. ಹುಮನಾಬಾದಿಗೆ ರಜೆಗೆ ಹೋದಾಗ ಮಾವನ ಮಕ್ಕಳು ನನ್ನನ್ನು ಹಳೆಯ ಲಾರಿ ಟಯರಿನೊಳಗೆ ಮಡಚಿ ಕೂರಿಸಿ ಇಳಿಜಾರಿನಲ್ಲಿ ಬಿಟ್ಟರು. ಆಕಾಶ, ನೆಲ, ಆಕಾಶ, ನೆಲ, ಒಂದು ಎಮ್ಮೆ, ಮತ್ತೆ ಆಕಾಶ. ಹೊರಗೆ ತೆಗೆದಾಗ ಮಾತು ಬರಲಿಲ್ಲವಂತೆ, ಎಮ್ಮೆಯ ದನಿ ಬಂತಂತೆ. ನನ್ನ ವೃತ್ತಿಜೀವನ ಆರಂಭವಾದದ್ದು ಅಲ್ಲಿಯೇ ಎಂದು ಮನೆಯವರು ಹೇಳುತ್ತಾರೆ. ಎಮ್ಮೆಗೆ ಕೃತಜ್ಞತೆ ಹೇಳಲು ಆಗಲಿಲ್ಲ.

ಅಂಗಡಿಗೆ ಬರೋಣ. ನಯೀಮ್ ಭಾಯಿ ನನ್ನ ಹೆಗಲ ಮೇಲೆ ಕೈ ಹಾಕಿ, ಅವ್ವನಿಗೆ ಒಂದು ಕುರ್ಚಿ ತೋರಿಸಿದರು. "ಅಮ್ಮಾ, ಆಪ್ ಪಂಖೇ ಕೆ ನೀಚೆ ಬೈಠೋ. ಚಾಯ್ ಪಿಯೋ." ಫ್ಯಾನಿನ ಕೆಳಗೆ ಕೂತು ಚಹಾ ಕುಡಿಯುವುದು ಹೆಂಗಸರ ಪಾಲಿನ ಟಯರು ವ್ಯಾಪಾರ. ಅವ್ವ ಚಹಾ ತೆಗೆದುಕೊಂಡಳು. ಕುರ್ಚಿಯನ್ನೂ ತೆಗೆದುಕೊಂಡಳು. ಎರಡನ್ನೂ ತಂದು ಕಾರನ್ನು ಜಾಕ್ ಹಚ್ಚಿ ಎತ್ತಿದ್ದ ಕಡೆ ಹಾಕಿಕೊಂಡು ಕೂತಳು.

ಗಾಲಿ ಬಿಚ್ಚಿದರು. ಮೇಲಿನಿಂದ ಹಲ್ಲು ಚೆನ್ನಾಗಿದ್ದ ಟಯರು ಪಕ್ಕಕ್ಕೆ ತಿರುಗಿಸಿದಾಗ ಒಣಗಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. ಒಂದೇ ಕಡೆ ಭಾರ ಹೊತ್ತು ನಿಂತು ತಳ ಚಪ್ಪಟೆಯಾಗಿತ್ತು. ರಿಮ್ಮಿನ ಅಂಚು ತುಕ್ಕು ತಿಂದು, ಗಾಳಿ ನಿಲ್ಲುವ ಹಾಗಿರಲಿಲ್ಲ. ನಯೀಮ್ ಭಾಯಿ ಬೆರಳಾಡಿಸಿ ನೋಡಿ ತೀರ್ಪು ಕೊಟ್ಟರು: "ಚಲಾಕೆ ನೈ, ಖಡಾ ರಖ್ ರಖ್ ಕೆ ಖರಾಬ್ ಹುಯೇ."

ಓಡಿಸಿ ಅಲ್ಲ, ನಿಲ್ಲಿಸಿ ನಿಲ್ಲಿಸಿ ಹಾಳಾಗಿವೆ. ಅವ್ವ ಚಹಾದ ಲೋಟ ಕೆಳಗಿಟ್ಟಳು.

"ಕೇಳಿದೇನು?"

"ಕೇಳ್ತು ಅವ್ವಾ."

"ನಿಮ್ಮಪ್ಪನ ಮುಂದ ಹೇಳ್ತೀಯೇನು?"

"ಅಪ್ಪನ ದನ್ಯಾಗ ಬೇಕಾದ್ರ ಹೇಳ್ತೀನಿ. ನನ್ನ ದನ್ಯಾಗ ಧೈರ್ಯ ಇಲ್ಲ."

ಗೋಡೆಯ ತುಂಬ ಹೊಸ ಗಾಲಿಗಳು ನೇತಾಡುತ್ತಿದ್ದವು. ನಯೀಮ್ ಭಾಯಿ ನನ್ನನ್ನು ಸರಿಯಾಗಿ ಓದಿದ್ದರು. ಕಪ್ಪು ಗಾಲಿಯೊಂದನ್ನು ಇಳಿಸಿ, "ಭಾಯ್, ಯೇ ಡಾಲೋ. ಗಾಡಿ ಶೇರ್ ದಿಖ್ತಿ," ಅಂದರು. ಕಾರು ಹುಲಿಯ ಹಾಗೆ ಕಾಣುತ್ತದಂತೆ. ನಾನು ಆ ಗಾಲಿಯನ್ನು ಮುಟ್ಟಿದೆ, ಸವರಿದೆ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ, "ಬ್ಯಾಡ ಭಾಯ್. ಸ್ಟೀಲ್ ಕೊಡ್ರಿ," ಅಂದೆ.

ಅಷ್ಟರಲ್ಲಿ ಅವ್ವ ಎದ್ದು ಗೋಡೆಯ ಉದ್ದಕ್ಕೂ ಒಂದು ಸುತ್ತು ಹಾಕಿದ್ದಳು. ಮೇಲಿನ ಸಾಲಿನ ಒಂದು ಗಾಲಿಗೆ ಬೆರಳು ತೋರಿಸಿದಳು. ಬೆಳ್ಳಿಯಂಥದ್ದು, ನಡುವಿನಿಂದ ಸಣ್ಣ ಸಣ್ಣ ಎಸಳುಗಳು ಒತ್ತೊತ್ತಾಗಿ ಹೊರಟಿದ್ದವು.

"ಅದು. ಸೇವಂತಿಗಿ ಅರಳಿದಂಗ ಅದ."

"ಅವ್ವಾ, ಅದು ಅಲಾಯ್."

"ಹೆಸರು ಕೇಳ್ಲಿಲ್ಲ ನಾ."

"ಅಪ್ಪ ಸ್ಟೀಲ್ ಅಂದಾರ."

"ಸ್ಟೀಲ್ ಅವರ ಊಟದ ಡಬ್ಬಿಗೆ ಇರ್ಲಿ." ಆಮೇಲೆ ನನ್ನನ್ನು ಬಿಟ್ಟು ನಯೀಮ್ ಭಾಯಿಯ ಕಡೆ ತಿರುಗಿದಳು. "ಇದಕ್ಕ ನಮ್ಮ ಅಳತಿ ಟಯರೇ ಕೂಡ್ತದೇನ್ರಿ? ತಿರುವಿದಾಗ ಒಳಗ ಎಲ್ಲೂ ಉಜ್ಜಂಗಿಲ್ಲಲ್ಲ?"

ನಯೀಮ್ ಭಾಯಿ ಮೊದಲ ಸಲ ನನ್ನ ಹೆಗಲಿಂದ ಕೈ ತೆಗೆದರು. ಉಜ್ಜುವುದಿಲ್ಲ, ಅಳತೆ ಅದೇ ಎಂದು ಅವಳಿಗೆ ಹೇಳಿದರು. ಟಯರು ಬಂದವು. ಅವ್ವ ಬ್ರೆಡ್ಡಿನ ಪೊಟ್ಟಣ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ, ಯಾವಾಗ ಮಾಡಿದ್ದು ಎಲ್ಲಿ ಬರೆದಿದೆ ಎಂದು ಕೇಳಿದಳು. ಬದಿಯಲ್ಲಿ ಅಚ್ಚಾದ ವಾರ ಮತ್ತು ವರ್ಷ ತೋರಿಸಿದರು. ಒಂದು ಟಯರು ಉಳಿದವುಗಳಿಗಿಂತ ಹಳೆಯದಿತ್ತು. "ಇದು ಒಳಗ ಹೋಗ್ಲಿ," ಅಂದಳು. ಅದು ಒಳಗೆ ಹೋಯಿತು. ನಯೀಮ್ ಭಾಯಿ ನನ್ನ ಕಿವಿಯಲ್ಲಿ, "ಅಮ್ಮಾ ಬೀ ಫ್ಯಾಕ್ಟರಿ ಮೇ ಥೇ ಕ್ಯಾ?" ಅಂದರು. ಅಮ್ಮನೂ ಕಾರ್ಖಾನೆಯಲ್ಲಿದ್ದರಾ ಅಂತ. ಇಲ್ಲ, ಕಾರ್ಖಾನೆಯವರು ಅಮ್ಮನ ಮನೆಯಲ್ಲಿದ್ದಾರೆ ಅಂದೆ.

ಆದರೂ ಅವರಿಗೊಂದು ಅಳುಕು. ಅಪ್ಪ ಹಳೆಯ ಗಿರಾಕಿ. "ಸಾಬ್ ಸೆ ಏಕ್ ಬಾರ್ ಪೂಛ್ ಲೇತೇ," ಎಂದು, ಅಪ್ಪನನ್ನೇ ಒಂದು ಮಾತು ಕೇಳಲು ಫೋನು ತೆಗೆದರು.

ಇಂಥ ಸಂದರ್ಭಕ್ಕೇ ದೇವರು ನನಗೆ ಗಂಟಲು ಕೊಟ್ಟಿದ್ದು. ಅಪ್ಪ ಮೆಟ್ರೋದಲ್ಲಿರುತ್ತಾರೆ, ನಾನೇ ಹೇಳಿ ಅಂಗಡಿಗೆ ಫೋನು ಮಾಡಿಸುತ್ತೇನೆ ಎಂದು ಟಯರಿನ ರಾಶಿಯ ಹಿಂದೆ ಹೋದೆ. ಅಲ್ಲಿಂದಲೇ ಅಂಗಡಿಯ ನಂಬರಿಗೆ ಫೋನು ಮಾಡಿ ಅಪ್ಪನಾಗಿ ಮಾತಾಡಿದರೆ ಆಯಿತು. ಮೂಗು ಸರಿ ಮಾಡಿಕೊಂಡು, ಗಂಟಲು ಇಳಿಸಿ, ಮೆಲ್ಲಗೆ "ಹೂಂ, ಹಾಕ್ರಿ" ಎಂದು ಅಭ್ಯಾಸ ಮಾಡುತ್ತಿದ್ದೆ. ತಲೆ ಎತ್ತಿದರೆ ಅವ್ವ.

"ಏನು ಮಾಡ್ಲಿಕತ್ತಿ?"

"ಅಪ್ಪ ಆಗ್ಲಿಕತ್ತೀನಿ."

"ಬ್ಯಾಡ. ಮನ್ಯಾಗ ಒಬ್ಬರಿದ್ದದ್ದೇ ಸಾಕು."

ನನ್ನ ಕೈಯಿಂದ ಫೋನು ಕಿತ್ತುಕೊಂಡು ಖರೇ ಅಪ್ಪನಿಗೆ ಹಚ್ಚಿದಳು. ಸ್ಪೀಕರು ಹಾಕಿದಳು. ಆ ಕಡೆ ನಾಂಪಲ್ಲಿಯ ಗದ್ದಲವೆಲ್ಲ ಅಂಗಡಿಯೊಳಗೆ ಬಂತು.

"ರೀ, ಗಾಲಿ ನಾ ಆರಿಸೀನಿ. ಹಾಕಿಸ್ಲಿಕತ್ತೀನಿ."

"ಸ್ಟೀಲ್ ಹೌದಲ್ಲ?"

"ಅಲ್ಲ. ಹೂವಿನಂಥಾವು."

ಗದ್ದಲದ ನಡುವಿನಿಂದ ಅಪ್ಪನ ದನಿ, ನನಗಿಂತ ಸ್ವಲ್ಪವೇ ಚೆನ್ನಾಗಿ: "ನಡ್ಯಂಗಿಲ್ಲ."

"ನಂಗ ಬೇಕಾಗ್ಯಾವ," ಅಂದಳು ಅವ್ವ. ಫೋನು ಕಟ್ ಮಾಡಿ ನನ್ನ ಕೈಗಿಟ್ಟಳು. ಗಾಲಿಗಳ ಕಡೆ ನೋಡಿ ನಯೀಮ್ ಭಾಯಿಗೆ ಹೇಳಿದಳು, "ಹಾಕ್ರಿ."

ಟಯರು ಗಾಲಿಗೆ ಕೂತಿತು, ಗಾಲಿ ಯಂತ್ರದ ಮೇಲೆ ತಿರುಗಿತು, ಎಲ್ಲಿ ಭಾರ ಕಡಿಮೆಯೋ ಅಲ್ಲಿ ಸಣ್ಣ ಸೀಸದ ತುಂಡು ಅಂಟಿತು, ನಟ್ಟು ಬಿಗಿಯಾದವು. ಕೊನೆಗೆ ನಯೀಮ್ ಭಾಯಿ ಮೇಜಿನ ಡ್ರಾವರು ಎಳೆದು ನಿಂಬೆಹಣ್ಣು ತೆಗೆದರು. ಅವರು ಐದು ಹೊತ್ತು ನಮಾಜು ಮಾಡುವವರು, ಆದರೆ ನಮ್ಮಂಥ ಗಿರಾಕಿಗಳಿಗಾಗಿ ನಿಂಬೆಯ ದಾಸ್ತಾನು ಎಂದೂ ತಪ್ಪಿಸುವುದಿಲ್ಲ. ಗಾಲಿಗೊಂದು ನಿಂಬೆ ಇಟ್ಟು, ಅದರ ಮೇಲೆ ಹಾಯಿಸಿ ಹೋಗಬೇಕು. ಹಾಯಿಸುವುದು ಮನೆಯ ಗಂಡಸು. ಹಾಗಂತ ಎಲ್ಲೂ ಬರೆದಿಲ್ಲ, ಆದರೆ ಬೇರೆಯದನ್ನು ನಾನು ನೋಡಿಯೂ ಇರಲಿಲ್ಲ. "ಆವೋ ಭಾಯ್, ಬೈಠೋ," ಎಂದು ನನಗೆ ಬಾಗಿಲು ತೆಗೆದರು.

ತೆಗೆದ ಬಾಗಿಲಿನಿಂದ ಅವ್ವ ಹತ್ತಿ ಕೂತಳು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಕನ್ನಡಿ ಸರಿ ಮಾಡಿಕೊಂಡಳು. ಕಾರು ಮುಂದೆ ಸರಿಯಿತು. ಮೂರು ನಿಂಬೆ ಪಿಚಕ್ ಎಂದವು. ನಾಲ್ಕನೆಯದು ಜಾರಿ ಬದಿಗೆ ಹೋಗಿ ಗುಂಡಗೆ ಕೂತಿತು. ನಾನು ಇರಲಿ ಬಿಡ್ರಿ ಅಂದೆ. ನಯೀಮ್ ಭಾಯಿ ಒಪ್ಪಲಿಲ್ಲ. "ನೈ ನೈ, ಚಾರೋ ಹೋನಾ." ನಾಲ್ಕೂ ಆಗಲೇಬೇಕಂತೆ. ಹಿಂದೂ ಪದ್ಧತಿಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ನಿಂಬೆಯನ್ನು ಗಾಲಿಯ ಹಿಂದೆ ಮತ್ತೆ ಇಟ್ಟರು. ರಿವರ್ಸ್ ತೆಗೆಯಬೇಕಾಯಿತು. ಹಿಂದೆ ಎರಡು ಆಟೋ, ಒಂದು ಕಬ್ಬಿನ ಹಾಲಿನ ಗಾಡಿ. ಡ್ರೈವಿಂಗ್ ಸ್ಕೂಲಿನಲ್ಲಿ ರಿವರ್ಸ್ ಕಲಿಸಿದ್ದು ಒಂದೇ ಬೇವಿನ ಮರದವರೆಗೆ. ಅವ್ವ ತಿರುಗಿ ನೋಡಿದಳು, ಕ್ಲಚ್ಚು ಮೆಲ್ಲಗೆ ಬಿಟ್ಟಳು. ಪಿಚಕ್. ತನ್ನ ಗಾಡಿಗೆ ಅಡ್ಡ ನಿಂತಿದ್ದ ಕಬ್ಬಿನ ಹಾಲಿನವನು ನಿಧಾನಕ್ಕೆ ಕಣ್ಣು ತೆರೆದ.

ಸಂಜೆ ಅಪ್ಪ ಬಂದರು. ಕಾರಿನ ಸುತ್ತ ಬಂದರು, ನಾಲ್ಕೂ ಟಯರು ಒದ್ದರು. "ಗಾಳಿ ಜಾಸ್ತಿ ಆಗ್ಯದ." ಬಗ್ಗಿ ನಟ್ಟು ಮುಟ್ಟಿ ನೋಡಿದರು. "ಹೊಸ ಗಾಲಿ ಅವ, ಒಂದಿಷ್ಟು ಓಡಿದ ಮ್ಯಾಲ ನಟ್ ಮತ್ತ ಬಿಗಿ ಮಾಡಿಸ್ಬೇಕು."

"ಓಡಿದ ಮ್ಯಾಲ ಅಲ್ಲೇನು? ಓಡಸ್ತೀನಿ."

ಭಾನುವಾರದವರೆಗೆ ಅಪ್ಪ ಹೊಸ ಕಾರಣಗಳನ್ನು ಹುಡುಕಿದರು. ಜಹೀರಾಬಾದಿನ ಕಡೆ ಲಾರಿ ಭಾಳ. ಹೊಸ ರಬ್ಬರು ಜಾರುತ್ತದೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಅವ್ವ ಪ್ರತಿಯೊಂದಕ್ಕೂ "ಹೌದು" ಅಂದಳು. ಭಾನುವಾರ ಬೆಳಿಗ್ಗೆ ಹಸಿರು ಇಳಕಲ್ ಸೀರೆ ಉಟ್ಟು ಸ್ಟೇರಿಂಗ್ ಹಿಡಿದು ಕೂತಳು. ನಾನು ಪಕ್ಕದಲ್ಲಿ. ಅಪ್ಪ ತಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ, ಸರಿಯಾಗಿ ಅವ್ವನ ಬೆನ್ನಿಗೆ.

ತಪಾಸಣೆ ಗೇಟಿನಿಂದಲೇ ಶುರುವಾಯಿತು. "ಬ್ರೇಕ್. ಲಾರಿ ಬಂತು. ಗೇರ್. ಹಾರ್ನ್ ಹೊಡಿ. ಯಾಕ ಹಾರ್ನ್ ಹೊಡದಿ?" ಊರು ದಾಟಿ, ಸಂಗಾರೆಡ್ಡಿ ದಾಟಿ, ಸದಾಶಿವಪೇಟೆ ಬರುವವರೆಗೆ ಇದೇ. ನಾನು ಒಂದು ಸಲ ಅಪ್ಪನ ದನಿಯಲ್ಲಿ "ನಡ್ಯಂಗಿಲ್ಲ" ಅಂದು ನಗಿಸಲು ನೋಡಿದೆ. ಇಬ್ಬರೂ ನಗಲಿಲ್ಲ. ಮುಂದೆ ಟ್ರ್ಯಾಕ್ಟರೊಂದು ಸಿಕ್ಕಿತು. ಹಿಂದಿನಿಂದ ಅಪ್ಪ "ಅಯ್ಯೋ ಹಿಡಿ, ಹಿಡಿ" ಎಂದು ಕೂಗಿದ್ದಕ್ಕೆ ಅವ್ವ ಬೆಚ್ಚಿ ಬ್ರೇಕು ತುಳಿದಳು. ಹಿಂದಿದ್ದ ಲಾರಿ ಕಿರುಚಿಕೊಂಡು ಬದಿಯಿಂದ ಹೋಯಿತು.

ಅವ್ವ ಎಡಗಡೆ ಇಂಡಿಕೇಟರು ಹಾಕಿದಳು. ಬಸ್ ಸ್ಟ್ಯಾಂಡಿನ ಮುಂದೆ ನಿಧಾನಕ್ಕೆ ನಿಲ್ಲಿಸಿದಳು. ಕನ್ನಡಿಯಲ್ಲಿ ಅಪ್ಪನನ್ನು ನೋಡಿದಳು.

"ರೀ, ಬಸ್ ಸ್ಟ್ಯಾಂಡ್ ಇಲ್ಲೇ ಅದ. ಹುಮನಾಬಾದಿಗೆ ಬಸ್ ಭಾಳ ಅವ."

"ಅಂದ್ರ?"

"ಸುಮ್ಮ ಕೂಡೋದಾದ್ರ ಕೂಡ್ರಿ. ಇಲ್ಲಾಂದ್ರ ಬಸ್ಸಿಗೆ ಬರ್ರಿ. ನಾ ಅಂತೂ ಹೊಡಕೊಂಡೇ ಹೋಗ್ತೀನಿ."

ಅಪ್ಪ ಚೀಲ ಎತ್ತಿಕೊಂಡು ಇಳಿದುಬಿಟ್ಟರು. ನಮ್ಮ ಮನೆಯಲ್ಲಿ ಹಟ ಒಬ್ಬರ ಸ್ವತ್ತಲ್ಲ. ಬಾಗಿಲು ಹಾಕಿದ ಸದ್ದು ಜೋರಾಗಿಯೇ ಇತ್ತು.

"ನೀನೂ ಇಳಿತೀಯೇನು?" ಅವ್ವ ನನ್ನನ್ನು ಕೇಳಿದಳು.

"ಇಲ್ಲವ್ವಾ."

"ಮತ್ತ ಆ ಕಾಲ್ ತೆಗಿ. ಅಲ್ಲಿ ಬ್ರೇಕ್ ಇಲ್ಲ."

ನನ್ನ ಬಲಗಾಲು ಕುಷಾಯಿಗೂಡದಿಂದಲೂ ನೆಲವನ್ನು ಒತ್ತಿಕೊಂಡೇ ಇತ್ತೆಂದು ಆಗ ಗೊತ್ತಾಯಿತು. ತೆಗೆದೆ.

ಜಹೀರಾಬಾದು ದಾಟಿದೆವು. ಕಾರು ಸರಾಗವಾಗಿ ಓಡುತ್ತಿತ್ತು. ಹೊಸ ಟಯರಿಗೆ ಒಂದು ದನಿಯಿದೆ, ದೂರದಲ್ಲಿ ಯಾರೋ ಅಕ್ಕಿ ಸುರಿದ ಹಾಗೆ. ಅದನ್ನು ಬಾಯಲ್ಲಿ ಹಿಡಿಯಲು ನೋಡುತ್ತಿದ್ದೆ. ಅಷ್ಟರಲ್ಲಿ ಬಲಗಡೆಯಿಂದ ಒಂದು ಬಸ್ಸು ನಮ್ಮನ್ನು ಹಿಂದೆ ಹಾಕಿತು. ಕಿಟಕಿಯಲ್ಲಿ ಅಪ್ಪ ಕೂತಿದ್ದರು. ಅವರು ನಮ್ಮ ಮುಖ ನೋಡುತ್ತಿರಲಿಲ್ಲ. ಕೆಳಗೆ, ತಿರುಗುತ್ತಿದ್ದ ಗಾಲಿಗಳನ್ನು ನೋಡುತ್ತಿದ್ದರು.

"ಅವ್ವಾ, ಅಪ್ಪ. ಹಿಂದ ಹಾಕು ಬಸ್ಸಿಗೆ."

"ಯಾಕ? ಮುಂದ ಹೋಗ್ಲಿ ಬಿಡು." ಅವಳು ಒಂದಿಷ್ಟೂ ಜೋರು ಮಾಡಲಿಲ್ಲ.

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅಲ್ಲಿಂದ ಮೌಶಿಯ ಮನೆಗೆ ಆಟೋ ಸಿಗುತ್ತದೆ. ಹತ್ತಿರಲಿಲ್ಲ. ಅವ್ವ ಅವರ ಮುಂದೆ ಕಾರು ನಿಲ್ಲಿಸಿದಳು. ಅಪ್ಪ ಬಂದು, ಹಿಂದಿನ ಬಾಗಿಲು ಬಿಟ್ಟು, ನನ್ನ ಕಡೆಯ ಗಾಜು ಬಡಿದರು.

"ನೀ ಹಿಂದ ಕೂಡು."

ನಾನು ಹಿಂದೆ ಹೋದೆ. ಅಪ್ಪ ಮುಂದೆ ಕೂತರು. ಅವ್ವ ಗೇರಿನ ಮೇಲೆ ಕೈಯಿಟ್ಟು ಕಾದಳು.

"ಬೆಲ್ಟ್ ಹಾಕ್ಕೋರಿ."

ಅಪ್ಪ ಹಾಕಿಕೊಂಡರು. ಕಾರು ಮೌಶಿಯ ಓಣಿ ಹೊಕ್ಕಿತು. ಮೌಶಿಯ ಮಗಳ ಮಾತು ಖರೆಯಿತ್ತು, ಓಣಿಯ ಎರಡೂ ಕಡೆ ಜನ ನಿಂತಿದ್ದರು. ಅಪ್ಪ ಚೀಲ ಕಾಲ ಬುಡಕ್ಕೆ ಸರಿಸಿ, ನೆಟ್ಟಗೆ ಕೂತು, ತಮ್ಮ ಕಡೆಯ ಗಾಜನ್ನು ಪೂರ್ತಿ ಕೆಳಗಿಳಿಸಿದರು.